ಕ್ಯಾರೊಲ್ ಟೈಪ್ ಮಾಡಿದ ಕಾದಂಬರಿ: ಸ್ಟೈನ್‌ಬೆಕ್ ಸೀಮೆಯಲ್ಲಿ ಸುತ್ತಾಟ

ಗುರುವಾರ, ಮಾಂಟೆ ಸೆರೆನೊ

ನಾವಿರುವ ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ, ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ ಹುಟ್ಟಿದ ಮನೆಗೆ, ಟ್ರಾಫಿಕ್ ಇಲ್ಲದಿದ್ದರೆ, ಇಪ್ಪತ್ತೇ ನಿಮಿಷ. ಸಾಂತಾಕ್ರೂಜ್ ಬೀಚಿಗೆ ಹೋಗುವಾಗಲೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಈ ವರ್ಷ ಆತನದೇ ‘ಆಫ್ ಮೈಸ್ ಅಂಡ್ ಮೆನ್’ ಪಠ್ಯ, ಏಪ್ರಿಲ್ ರಜೆ ಮುಗಿಯುತ್ತಲೇ ಅದರ ಮೇಲೆ ಪ್ರಬಂಧ ಕೊಡಬೇಕು. ಮಂಡ್ಯದಿಂದ ಬಂದಿದ್ದ ಮಾವನವರಿಗೆ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡಿ ನೋಡಿ ಸಾಕಾಗಿತ್ತು. ನಮ್ಮ ಯಜಮಾನರಿಗೆ ಆಫೀಸಿನಲ್ಲಿ ರಿಲೀಸ್ ಕೆಲಸ, ಬರಲಾಗಲಿಲ್ಲ. ಹಾಗಾಗಿ ಡ್ರೈವರ್ ನಾನೇ, ಹಿಂದೆ ತಾತ ಮೊಮ್ಮಗಳು, ಡಿಕ್ಕಿಯಲ್ಲಿ ಚಪಾತಿ, ಪುಳಿಯೋಗರೆ, ಮೊಸರನ್ನ.

ಮಾಂಟೆ ಸೆರೆನೊ ಈಗ ಕೋಟ್ಯಧೀಶರ ಊರು. ಜಾನ್ ಸ್ಟೈನ್‌ಬೆಕ್ ಮತ್ತು ಹೆಂಡತಿ ಕ್ಯಾರೊಲ್ 1936ರಲ್ಲಿ ಇಲ್ಲಿ ಸಣ್ಣದೊಂದು ಮನೆ ಕಟ್ಟಿಸಿದಾಗ ಈ ಕಣಿವೆಯ ತುಂಬ ಹಣ್ಣಿನ ತೋಟಗಳಿದ್ದವು, ಸಿಲಿಕಾನ್ ವ್ಯಾಲಿ ಎಂಬ ಹೆಸರೇ ಇರಲಿಲ್ಲ. ಮನೆ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ. ಆದರೂ ಖಾಸಗಿಯವರದು, ಒಳಗೆ ಬಿಡುವುದಿಲ್ಲ. ರಸ್ತೆಬದಿ ನಿಂತು, ಬೇಲಿ ಮತ್ತು ಮರಗಳ ಸಂದಿಯಲ್ಲಿ ಕಂಡಷ್ಟು ನೋಡಿಕೊಂಡು ಬರಬೇಕು. ‘ಇಷ್ಟಕ್ಕೇನಾ?’ ಅಂತ ಮಗಳ ಮುಖವೇ ಕೇಳುತ್ತಿತ್ತು. ಹತ್ತಿರದಲ್ಲೆಲ್ಲೋ ಹೊಸ ಬಂಗಲೆ ಏಳುತ್ತಿತ್ತು, ಮೊಳೆ ಹೊಡೆಯುವ ಗನ್ನಿನ ಸದ್ದು ಬಿಟ್ಟೂ ಬಿಡದೆ ಬರುತ್ತಿತ್ತು. ನನಗೆ ಮಾತ್ರ ಆ ಸದ್ದು ಕೇಳಿ ನಗು. 1938ರಲ್ಲಿ ಇಲ್ಲಿ ಕೂತು ಕಾದಂಬರಿ ಬರೆಯುವಾಗ ಸ್ಟೈನ್‌ಬೆಕ್ ಇಟ್ಟಿದ್ದ ದಿನಚರಿಯ ತುಂಬ ಇದೇ ಗೋಳು: ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಸುತ್ತಿಗೆ ಸದ್ದು, ಯಾರದೋ ರೇಡಿಯೋ, ಹೇಗಪ್ಪಾ ಬರೆಯೋದು ಅಂತ. ಇನ್ನೊಂದು ಕಡೆ, ನಾನು ಲೇಖಕನೇ ಅಲ್ಲ, ನನಗೂ ಬೇರೆಯವರಿಗೂ ಮೋಸ ಮಾಡಿಕೊಂಡು ಬಂದಿದ್ದೇನೆ ಎಂದು ಬರೆದುಕೊಂಡಿದ್ದಾನೆ. ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಓದಿಸುವ ಲೇಖಕ ತನ್ನ ಅತಿ ದೊಡ್ಡ ಪುಸ್ತಕದ ನಡುವಿನಲ್ಲಿ ಹೀಗೆ ಬರೆದುಕೊಂಡದ್ದನ್ನು ಮಗಳಿಗೆ ಹೇಳಿದೆ. ಪ್ರಬಂಧದ ಚಿಂತೆಯಲ್ಲಿದ್ದವಳಿಗೆ ಸ್ವಲ್ಪ ಧೈರ್ಯ ಬಂದ ಹಾಗಿತ್ತು.

ಅದಕ್ಕೂ ಮೊದಲು ಬೇರೊಂದು ಪುಸ್ತಕವಿತ್ತು. 1936ರ ಬೇಸಿಗೆಯ ಕೊನೆಯಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆ ವಲಸೆ ಕೂಲಿಗಳ ಬಗ್ಗೆ ಲೇಖನಮಾಲೆ ಬರೆಯಲು ಸ್ಟೈನ್‌ಬೆಕ್‌ನನ್ನು ಕಳಿಸಿತು. ಓಕ್ಲಹೋಮಾ ಕಡೆಯಿಂದ ದೂಳು ಬಿರುಗಾಳಿಗೂ ಬ್ಯಾಂಕಿನ ಸಾಲಕ್ಕೂ ಸಿಕ್ಕಿ ಊರು ಬಿಟ್ಟವರು, ಕ್ಯಾಲಿಫೋರ್ನಿಯಾದ ಹಳ್ಳದ ದಂಡೆಗಳಲ್ಲಿ ರಟ್ಟು, ತಗಡು ಕಟ್ಟಿಕೊಂಡು ಬಿದ್ದಿದ್ದರು. ಆತ ಹಳೇ ಬೇಕರಿ ವ್ಯಾನ್ ಒಂದನ್ನು ತೆಗೆದುಕೊಂಡು ಅವರ ನಡುವೆ ಓಡಾಡಿದ. ಆರ್ವಿನ್ ಬಳಿಯ ಸರ್ಕಾರಿ ಶಿಬಿರದ ಮ್ಯಾನೇಜರ್ ಟಾಮ್ ಕಾಲಿನ್ಸ್ ತಾವು ಬರೆದ ವರದಿಗಳ ಕಟ್ಟನ್ನೇ ಮುಂದಿಟ್ಟರು. ಯಾವ ಮನೆಯವರು ಏನು ತಿಂದರು, ಏನು ಹಾಡಿದರು, ಹೇಗೆ ಮಾತಾಡಿದರು, ಎಲ್ಲ ಅದರಲ್ಲಿತ್ತು. ಅಕ್ಟೋಬರಿನಲ್ಲಿ ಏಳು ಲೇಖನ ಬಂದವು. ಆಮೇಲೆ 1938ರ ಆರಂಭದಲ್ಲಿ ವೈಸೇಲಿಯಾದ ಪ್ರವಾಹದಲ್ಲಿ ಹಸಿದು ಬಿದ್ದ ಸಂಸಾರಗಳನ್ನು ನೋಡಿ ಬಂದ. ಆ ಸಿಟ್ಟಿನಲ್ಲೇ ಲೆಟ್ಯೂಸ್ (ಸಲಾಡಿಗೆ ಹಾಕುವ ಸೊಪ್ಪು) ಬೆಳೆಸುವ ಧಣಿಗಳ ಮೇಲೆ ಒಂದು ವಿಡಂಬನೆ ಬರೆದು ಮುಗಿಸಿದ, ಬರೆದದ್ದು ಕೆಟ್ಟದಾಗಿದೆ ಅನ್ನಿಸಿ ಪೂರ್ತಿ ಹಸ್ತಪ್ರತಿಯನ್ನೇ ನಾಶ ಮಾಡಿದ. ಅದಾದ ಕೆಲವೇ ದಿನಕ್ಕೆ ಮತ್ತೆ ಮೊದಲಿನಿಂದ ಕೂತ. ಮೇ ಕೊನೆಯಿಂದ ಅಕ್ಟೋಬರ್ 26ರವರೆಗೆ, ದಿನಕ್ಕೆ ಸುಮಾರು 2,000 ಪದ.

ಆತನದ್ದು ಇರುವೆ ಸಾಲಿನಂಥ ಅಕ್ಷರ. ಲೆಕ್ಕದ ಪುಸ್ತಕದಲ್ಲಿ ಗೆರೆಗೆ ಗೆರೆ ತಾಗಿಸಿ ಬರೆದದ್ದನ್ನು ಬಿಡಿಸಿ, ತಿದ್ದಿ, 700ಕ್ಕೂ ಹೆಚ್ಚು ಪುಟ ಟೈಪ್ ಮಾಡಿದ್ದು ಕ್ಯಾರೊಲ್. ಜೂಲಿಯಾ ವಾರ್ಡ್ ಹೌ ಬರೆದ ಯುದ್ಧಗೀತೆಯಿಂದ ಕಾದಂಬರಿಯ ಹೆಸರನ್ನು ಎತ್ತಿಕೊಟ್ಟಿದ್ದೂ ಅವಳೇ. ಅರ್ಪಣೆಯಲ್ಲಿ ಇಬ್ಬರೇ ಇದ್ದಾರೆ: ಇದು ಆಗಲೇಬೇಕೆಂದು ಪಟ್ಟು ಹಿಡಿದ ಕ್ಯಾರೊಲ್, ಇದನ್ನು ಬದುಕಿದ ಟಾಮ್.

“ಟೈಪ್ ಮಾಡೋದು ಅಷ್ಟು ದೊಡ್ಡ ಕೆಲಸನಾ ಅಮ್ಮಾ?” ಅಂದಳು ಮಗಳು.

ಮಾವನವರು ತಿರುಗಿ, “ನಿಮ್ಮಜ್ಜಿ ಇಲ್ದೆ ನಾನು ಒಂದು ಅರ್ಜಿ ಬರ್ದಿಲ್ಲ ಕಣ್ ಕೂಸೆ” ಅಂದರು. ಅತ್ತೆಯವರು ಎಸ್ಸೆಸ್ಸೆಲ್ಸಿ, ಇವರು ಏಳನೇ ಕ್ಲಾಸು. ಆ ಮಾತು ಅಲ್ಲಿಗೇ ನಿಂತಿತು. ನಾವು ಗುಡ್ಡ ದಾಟಿ ಕಡಲ ಕಡೆ ಇಳಿದೆವು.

ಶುಕ್ರವಾರ, ಪೆಸಿಫಿಕ್ ಗ್ರೋವ್ ಮತ್ತು ಕ್ಯಾನರಿ ರೋ

ಪೆಸಿಫಿಕ್ ಗ್ರೋವ್ ಮೆಥಡಿಸ್ಟ್ ಪಂಥದವರು 1875ರಲ್ಲಿ ಕಟ್ಟಿಕೊಂಡ ಊರು. 1969ರವರೆಗೆ ಇಲ್ಲಿ ಮದ್ಯ ಮಾರುವಂತಿರಲಿಲ್ಲ. ಹನ್ನೊಂದನೇ ಬೀದಿಯಲ್ಲಿ ಸ್ಟೈನ್‌ಬೆಕ್‌ನ ಅಪ್ಪ ಕಟ್ಟಿಸಿದ್ದ ಬೇಸಿಗೆ ಮನೆಯಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ 1919ರಿಂದ 1925ರವರೆಗೆ ಬಂದು ಹೋಗಿ ಮಾಡಿ ಡಿಗ್ರಿ ಇಲ್ಲದೆ ಹೊರಬಿದ್ದ ಮಗ, ನ್ಯೂಯಾರ್ಕಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಟ್ಟುವಾಗ ಗಾರೆ ಹೊತ್ತ ಮಗ, ತಾಹೋ ಸರೋವರದ ಬಳಿ ಯಾರದೋ ಎಸ್ಟೇಟ್ ಕಾಯ್ದುಕೊಂಡು ಮೊದಲ ಕಾದಂಬರಿ ಬರೆದ ಮಗ, 1930ರಲ್ಲಿ ಮದುವೆಯಾಗಿ ಕ್ಯಾರೊಲ್‌ಳನ್ನು ಕರೆದುಕೊಂಡು ಬಂದದ್ದು ಇಲ್ಲಿಗೆ. ಬಾಡಿಗೆ ಇಲ್ಲ. ತಿಂಗಳಿಗೆ 25 ಡಾಲರ್ ಅಪ್ಪನೇ ಕೊಡುತ್ತಿದ್ದ. ಉಳಿದದ್ದು ಕ್ಯಾರೊಲ್‌ಳ ಸಂಬಳ, ಹಿತ್ತಲಿನ ತರಕಾರಿ, ಕಡಲಿನ ಮೀನು. ಮಗ ಮೂವತ್ತಕ್ಕೆ ಕಾಲಿಡುವವರೆಗೂ ಕೈ ಬಿಡದ ಅಪ್ಪ, ಮಗ ಹೆಸರು ಮಾಡಿದ ವರ್ಷವೇ, 1935ರಲ್ಲಿ, ತೀರಿಕೊಂಡ. ‘ಟೋರ್ಟಿಯಾ ಫ್ಲ್ಯಾಟ್’ ಕಾದಂಬರಿ ಬಂದು ಕೈಯಲ್ಲಿ ನಾಲ್ಕು ಕಾಸು ಆಡಿದ್ದು ಆಗಲೇ. ಈ ಮನೆಯೂ ಖಾಸಗಿಯವರದೇ. ಬೇಲಿಯಿಂದ ಬೇಲಿಗೆ ಹೋಗುವ ಪ್ರವಾಸ ಇದು ಅಂತ ಮಗಳು ಅಪ್ಪನಿಗೆ ಮೆಸೇಜ್ ಹಾಕಿದಳು.

ಅವಳನ್ನು ಸಮಾಧಾನ ಮಾಡಿದ್ದು ಕಡಲು. ಬೆಳಗಿನ ಇಳಿತಕ್ಕೆ ಸರಿಯಾಗಿ ಪಾಯಿಂಟ್ ಪೀನೋಸ್ ಹತ್ತಿರದ ಬಂಡೆಗಳಿಗೆ ಹೋದೆವು. ನೀರು ಹಿಂದೆ ಸರಿದಾಗ ಬಂಡೆಯ ಕುಳಿಗಳಲ್ಲಿ ಒಂದೊಂದು ಪುಟ್ಟ ಕೆರೆ ಉಳಿಯುತ್ತದೆ. ಮಂಡಿಯೂರಿ ಕೂತು ನೋಡಿದರೆ ಮೊದಲು ಕಲ್ಲು, ಪಾಚಿ ಅಷ್ಟೇ. ಎರಡು ನಿಮಿಷ ಅಲ್ಲಾಡದೆ ಇದ್ದರೆ ಕಲ್ಲು ಅಂದುಕೊಂಡದ್ದು ನಡೆಯತೊಡಗುತ್ತದೆ. ಉಗುರಿನಷ್ಟು ಶಂಖ ಬೆನ್ನ ಮೇಲೆ ಹೊತ್ತ ಸನ್ಯಾಸಿ ಏಡಿಯೊಂದು ಇನ್ನೊಂದರ ಶಂಖಕ್ಕೆ ಕೈ ಹಾಕಿ ಜಗಳಕ್ಕೆ ನಿಂತಿತ್ತು. ಹಸಿರು ಸೀ ಅನಿಮೊನಿ ತಟ್ಟೆಯ ಹಾಗೆ ಬಿಚ್ಚಿಕೊಂಡಿತ್ತು, ಮೇಲಿಂದ ಒಂದು ಚೂರು ಚಿಪ್ಪು ಬಿದ್ದ ಕೂಡಲೆ ಅಂಚಿನ ಎಳೆಗಳೆಲ್ಲ ಒಳಕ್ಕೆ ಮಡಚಿಕೊಂಡವು. ಮುಟ್ಟುವ ಹಾಗಿಲ್ಲ, ಎತ್ತುವ ಹಾಗಂತೂ ಇಲ್ಲವೇ ಇಲ್ಲ. ಮಾವನವರು ಪಂಚೆ ಎತ್ತಿ ಕಟ್ಟಿ ಬಂಡೆಯ ಮೇಲೆ ಕೂತು ಬಗ್ಗಿ ನೋಡಿದವರು ಒಂದು ಗಂಟೆ ಏಳಲಿಲ್ಲ.

ಹೀಗೆ ನೋಡುವುದನ್ನು ಸ್ಟೈನ್‌ಬೆಕ್‌ಗೆ ಕಲಿಸಿದವನು ಗೆಳೆಯ ಎಡ್ ರಿಕೆಟ್ಸ್, ಕಡಲಜೀವಿಗಳ ವಿಜ್ಞಾನಿ. ಕ್ಯಾನರಿ ರೋ ಬೀದಿಯಲ್ಲಿ 800ನೇ ನಂಬರಿನ ಕಟ್ಟಡ, ಬಣ್ಣ ಮಾಸಿದ ಮರದ ಮುಂಭಾಗ, ಪಕ್ಕದ ಅಂಗಡಿಗಳ ಥಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಇದೇ ಆತನ ಪೆಸಿಫಿಕ್ ಬಯಾಲಾಜಿಕಲ್ ಲ್ಯಾಬೊರೇಟರೀಸ್. ಶಾಲೆ ಕಾಲೇಜುಗಳಿಗೆ ಕಪ್ಪೆ, ಬೆಕ್ಕು, ನಕ್ಷತ್ರಮೀನುಗಳ ಮಾದರಿ ಕಳಿಸುವ ವ್ಯಾಪಾರ. ರಾತ್ರಿಯಾದರೆ ಬಿಯರು, ಗ್ರೆಗೋರಿಯನ್ ಸಂಗೀತ, ಹರಟೆ. ಕ್ಯಾರೊಲ್ ಕೆಲವು ಕಾಲ ಇಲ್ಲೇ ಕೆಲಸಕ್ಕಿದ್ದಳು. ಹೀಗೇಕೆ ಆಯಿತು, ಯಾರ ತಪ್ಪು ಎಂದು ಹೊರಡುವ ಮೊದಲು, ಏನಾಗಿದೆ ಅದನ್ನು ಪೂರ್ತಿ ನೋಡು ಅನ್ನುವುದು ರಿಕೆಟ್ಸ್‌ನ ವಾದ. ‘ಆಫ್ ಮೈಸ್ ಅಂಡ್ ಮೆನ್’ಗೆ ಮೊದಲು ಇಟ್ಟಿದ್ದ ಹೆಸರು ‘ನಡೆದದ್ದೊಂದು ಸಂಗತಿ’ ಎಂಬ ಅರ್ಥದ್ದು. ಆ ಕತೆಯಲ್ಲಿ ಖಳನಿಲ್ಲ, ತೀರ್ಪಿಲ್ಲ, ಹೀಗಾಯಿತು ಅಷ್ಟೇ. ಪ್ರಬಂಧಕ್ಕೆ ಇದು ಬೇಕಾಗುತ್ತದೆ ಅಂತ ಮಗಳು ಫೋನಿನಲ್ಲಿ ಬರೆದುಕೊಂಡಳು. ಆ ಕಾದಂಬರಿಯ ಅರ್ಧ ಹಸ್ತಪ್ರತಿಯನ್ನು ಸಾಕಿದ ನಾಯಿಮರಿ ಟೋಬಿ ಹರಿದು ಹಾಕಿತ್ತು ಅನ್ನುವುದನ್ನು ಮಾತ್ರ ಬರೆದುಕೊಳ್ಳಲಿಲ್ಲ, ಟೀಚರಿಗೆ ಆ ನೆಪ ಆಗಲೇ ಗೊತ್ತಂತೆ.

ಬೀದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರ್ಡೀನ್ ಡಬ್ಬಿ ಕಾರ್ಖಾನೆಗಳಿದ್ದ ಕಡೆ ಈಗ ಹೋಟೆಲು, ಮಿಠಾಯಿ, ಟೀ ಶರ್ಟು. ಓಷನ್ ವ್ಯೂ ಅವೆನ್ಯೂ ಎಂಬ ರಸ್ತೆಗೆ ಸ್ಟೈನ್‌ಬೆಕ್‌ನ ‘ಕ್ಯಾನರಿ ರೋ’ ಕಾದಂಬರಿಯ ಹೆಸರಿಟ್ಟದ್ದು 1958ರಲ್ಲಿ. ಹೊವ್ಡೆನ್ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಎದ್ದ ಮಾಂಟೆರೆ ಬೇ ಅಕ್ವೇರಿಯಂ ಚೆನ್ನಾಗಿದೆ, ಟಿಕೆಟ್ ದುಬಾರಿ. ಅಲ್ಲಿ ಬೆಳ್ಳಿ ಹಾಗೆ ಹೊಳೆಯುತ್ತ ಸುತ್ತುವ ಸಾರ್ಡೀನ್ ಹಿಂಡು ನೋಡಿ ಮಾವನವರು, “ಮಂಗ್ಳೂರ್ ಕಡೆ ಬೂತಾಯಿ ಅಂತಾರಲ್ಲ, ಅದೇ ತಾನೆ? ಇದ್ನ ಯಾಕೆ ಕಾಸು ಕೊಟ್ಟು ನೋಡ್ಬೇಕು?” ಅಂದರು. ಯುದ್ಧಕಾಲದಲ್ಲಿ ಲಕ್ಷಾಂತರ ಟನ್ ಹಿಡಿದ ಮೇಲೆ ಮೀನು ಬರುವುದೇ ನಿಂತು ಹೋಯಿತು. ಮೀನೆಲ್ಲ ಎಲ್ಲಿ ಹೋದವು ಎಂದು ಕೇಳಿದರೆ ಡಬ್ಬಿಯೊಳಗೆ ಅಂತ ರಿಕೆಟ್ಸ್ ಹೇಳುತ್ತಿದ್ದನಂತೆ. 1948ರ ಮೇ ತಿಂಗಳಲ್ಲಿ ಇಲ್ಲೇ ಹಿಂದಿನ ಹಳಿ ದಾಟುವಾಗ ಆತನ ಕಾರಿಗೆ ರೈಲು ಬಡಿಯಿತು, ಮೂರು ದಿನಕ್ಕೆ ಹೋಗಿಬಿಟ್ಟ. ಹಳಿ ಈಗ ಸೈಕಲ್ ದಾರಿ. ಅಲ್ಲಿರುವ ಆತನ ಪ್ರತಿಮೆಗೆ ಯಾರೋ ಹೂವಿಟ್ಟು ಹೋಗಿದ್ದರು.

ರಾತ್ರಿ ಮೋಟೆಲಿನಲ್ಲಿ ಮೊಸರನ್ನ ಕಲಸುತ್ತ 1940ರ ಸಮುದ್ರಯಾನದ ಕತೆ ಹೇಳಿದೆ. ‘ಗ್ರೇಪ್ಸ್’ ಬಂದ ಮೇಲೆ ಬಂದ ಬೆದರಿಕೆ, ಪತ್ರ, ಫೋನುಗಳಿಂದ ತಪ್ಪಿಸಿಕೊಳ್ಳಲು ಸ್ಟೈನ್‌ಬೆಕ್ ರಿಕೆಟ್ಸ್‌ನ ಜೊತೆ ‘ವೆಸ್ಟರ್ನ್ ಫ್ಲೈಯರ್’ ಎಂಬ ಸಾರ್ಡೀನ್ ದೋಣಿ ಬಾಡಿಗೆ ಹಿಡಿದು ಆರು ವಾರ ಕ್ಯಾಲಿಫೋರ್ನಿಯಾ ಕೊಲ್ಲಿ ಸುತ್ತಿದ. ಕ್ಯಾರೊಲ್ ಕೂಡ ದೋಣಿಯಲ್ಲಿದ್ದಳು. ಆದರೆ 1941ರಲ್ಲಿ ಬಂದ ‘ಸೀ ಆಫ್ ಕೊರ್ಟೆಜ್’ನ ಪ್ರವಾಸ ಕಥನದಲ್ಲಿ ಅವಳ ಸುಳಿವೇ ಇಲ್ಲ. ಆ ಕಥನದ ಬುಡ ರಿಕೆಟ್ಸ್‌ನ ದಿನಚರಿ. ಪ್ರಕಾಶಕರು ಸ್ಟೈನ್‌ಬೆಕ್ ಹೆಸರನ್ನು ಮುಂದೆ ಮಾಡಲು ಹೊರಟಾಗ, ಇಬ್ಬರೂ ಸಮನಾಗಿ ಬರೆದದ್ದು, ಇಬ್ಬರ ಹೆಸರೂ ಇರಬೇಕು ಎಂದು ಆತ ಹಟ ಹಿಡಿದದ್ದು ನಿಜ. ಗೆಳೆಯ ಸತ್ತ ಮೇಲೆ, 1951ರಲ್ಲಿ, ಕಥನದ ಭಾಗವನ್ನಷ್ಟೇ ಬೇರೆಯಾಗಿ ಅಚ್ಚು ಹಾಕಿದಾಗ ಲೇಖಕನೆಂದು ಉಳಿದ ಹೆಸರು ಒಂದೇ. ಗೆಳೆಯನ ಬಗ್ಗೆ ಮುಂದೆ ಸೇರಿಸಿದ ನೆನಪಿನ ಬರಹ ಎಷ್ಟು ಸೊಗಸಾಗಿದ್ದರೂ ಅದು ನನಗೆ ಸಮಾಧಾನ ಕೊಟ್ಟಿಲ್ಲ.

“ಅಮ್ಮಾ, ಕರ್ಲಿಯ ಹೆಂಡತಿಗೂ ಹೆಸರಿಲ್ಲ ಗೊತ್ತಾ?” ಅಂದಳು ಮಗಳು. ‘ಆಫ್ ಮೈಸ್ ಅಂಡ್ ಮೆನ್’ನಲ್ಲಿ ಸಾಯುವ ಹುಡುಗಿ ಅವಳು. ಕೊನೆಯವರೆಗೂ ಕರ್ಲಿಯ ಹೆಂಡತಿ ಅಷ್ಟೇ.

ಶನಿವಾರ, ಸಲಿನಾಸ್

ಮಾಂಟೆರೆಯಿಂದ ಸಲಿನಾಸ್‌ಗೆ ಅರ್ಧ ಗಂಟೆ. ಕಡಲ ಮಂಜು ಕರಗುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಲೆಟ್ಯೂಸ್, ದಾರ ಹಿಡಿದು ಎಳೆದಂಥ ಸಾಲುಗಳು. ಜಗತ್ತಿನ ಸಲಾಡ್ ಬಟ್ಟಲು ಅಂತ ಈ ಕಣಿವೆಗೆ ಅಡ್ಡಹೆಸರು. ಚಳಿಗಾಲದಲ್ಲಿ ಅರಿಜೋನಾದ ಯೂಮಾದಲ್ಲಿ ಕಟಾವು, ಏಪ್ರಿಲ್ ಹೊತ್ತಿಗೆ ಯಂತ್ರ, ಬಸ್ಸು, ಆಳು ಎಲ್ಲ ಇಲ್ಲಿಗೆ. “ನಿಲ್ಸವ್ವಾ ಸ್ವಲ್ಪ” ಅಂದರು ಮಾವನವರು. ಬದುವಿನ ಪಕ್ಕ ನಿಲ್ಲಿಸಿದೆ.

ಹೊಲದ ತಲೆಯಲ್ಲಿ ಹಳೇ ಸ್ಕೂಲ್ ಬಸ್ಸು, ಅದರ ಹಿಂದಕ್ಕೆ ಕಟ್ಟಿದ ಟ್ರೇಲರಿನಲ್ಲಿ ಎರಡು ಕಕ್ಕಸು. ನಡುವೆ ರೆಕ್ಕೆ ಚಾಚಿದ ಯಂತ್ರ ಆಮೆಗತಿಯಲ್ಲಿ ಮುಂದೆ ಹೋಗುತ್ತಿತ್ತು. ಅದರ ಹಿಂದೆ ಒಂದು ಸಾಲು ಜನ. ಬಗ್ಗಿ ಬುಡಕ್ಕೆ ಚಾಕು ಹಾಕಿ ಕತ್ತರಿಸಿ, ಹೊರಗಿನ ಎಲೆ ಎರಡು ಸಲ ಜಾಡಿಸಿ ಉದುರಿಸಿ, ಲೆಟ್ಯೂಸನ್ನು ಮೇಲಿಟ್ಟು ಮತ್ತೆ ಬಗ್ಗುವುದು. ಒಂದಕ್ಕೆ ಕೆಲವೇ ಸೆಕೆಂಡು. ತಲೆಗೆ ಹುಡ್, ಅದರ ಮೇಲೆ ಟೋಪಿ, ಮುಖಕ್ಕೆ ಬಟ್ಟೆ, ಗಂಡೋ ಹೆಣ್ಣೋ ತಿಳಿಯದು. ಮಾವನವರು ಕೈ ಹಿಂದಕ್ಕೆ ಕಟ್ಟಿ ನಿಂತು, “ಕಳೆ ಕೀಳೋಕೆ ಏನ್ ಮಾಡ್ತಾರೆ?” ಅಂದರು. ಮೊದಲು ಮೊಳದುದ್ದ ಕಾವಿನ ಗುದ್ದಲಿ ಕೊಡುತ್ತಿದ್ದರು, ಆಳು ಇಡೀ ದಿನ ಬಗ್ಗಿಯೇ ಇರಬೇಕಿತ್ತು, ಸೊಂಟ ಹೋಗಿದ್ದೇ ಹೋಗಿದ್ದು. ಕೋರ್ಟಿಗೆ ಹೋಗಿ 1975ರಲ್ಲಿ ಅದನ್ನು ನಿಲ್ಲಿಸಿದರು ಎಂದೆ. “ಉದ್ದ ಕಾವು ಹಾಕೋಕೆ ಕೋರ್ಟಿಗೆ ಹೋಗ್ಬೇಕಾಯ್ತಾ!” ಅಂದರು. ನಿಂತವನು ಸೋಮಾರಿ, ಬಗ್ಗಿದವನು ಕೆಲಸಗಾರ ಎಂದು ದೂರದಿಂದಲೇ ಮೇಸ್ತ್ರಿಗೆ ಕಾಣಬೇಕಲ್ಲ ಎಂದದ್ದಕ್ಕೆ ಅವರು ಏನೂ ಹೇಳಲಿಲ್ಲ, ಅವರಿಗೆ ಆ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

ಊರೊಳಗೆ ಸೆಂಟ್ರಲ್ ಅವೆನ್ಯೂ 132. ಗೋಪುರ, ಕೆತ್ತನೆಗಳ ವಿಕ್ಟೋರಿಯನ್ ಮನೆ. 1902ರ ಫೆಬ್ರವರಿ 27ರಂದು ಸ್ಟೈನ್‌ಬೆಕ್ ಹುಟ್ಟಿದ್ದು ಇಲ್ಲಿ. ಕುಪ್ಪಳಿಯ ಕವಿಮನೆಯ ಹಾಗೆ ತೊಟ್ಟಿಲು, ಪೆನ್ನು, ಕನ್ನಡಕ ನೋಡಿಕೊಂಡು ಮೌನವಾಗಿ ಸುತ್ತುವುದಿರಬೇಕು ಅಂದುಕೊಂಡು ಒಳಗೆ ಹೋದರೆ ತಟ್ಟೆ ಚಮಚದ ಸದ್ದು! ಊರಿನ ಸ್ವಯಂಸೇವಕರ ಸಂಘವೊಂದು 1974ರಿಂದ ಇಲ್ಲಿ ಮಧ್ಯಾಹ್ನದ ಊಟದ ಹೋಟೆಲು ನಡೆಸುತ್ತಿದೆ. ಬಡಿಸುವವರು ಮುಕ್ಕಾಲು ಪಾಲು ಅಜ್ಜಿಯರು. ಶನಿವಾರ ಮಾವನವರು ಮಾಂಸ ಮುಟ್ಟುವುದಿಲ್ಲ, ಮೊಟ್ಟೆಯೂ ಇಲ್ಲ. ಹಾಗಾಗಿ ಬ್ರೆಡ್ಡು ಮತ್ತು ಒಂದು ದೊಡ್ಡ ತಟ್ಟೆ ಸಲಾಡ್. ಬೆಳಿಗ್ಗೆ ಕಟಾವು ನೋಡಿ ಬಂದವರು ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿ ತಿಂದರು.

ಈ ಮನೆಯ ಗೋಡೆಗಳಿಗೆ ಅಪ್ಪ ಅಮ್ಮಂದಿರ ಕತೆ ಹೆಚ್ಚು ಗೊತ್ತಿರಬೇಕು. ಅಮ್ಮ ಆಲಿವ್ ಹ್ಯಾಮಿಲ್ಟನ್, ಹಳ್ಳಿ ಶಾಲೆಗಳ ಟೀಚರಾಗಿದ್ದವಳು. ಅಪ್ಪ ಹಿಟ್ಟಿನ ಗಿರಣಿಯ ಮ್ಯಾನೇಜರ್, ಆಮೇಲೆ ಕೌಂಟಿಯ ಖಜಾಂಚಿ. ಅಮ್ಮ 1933ರಲ್ಲಿ ಹಾಸಿಗೆ ಹಿಡಿದಾಗ ಮಗ ಸೊಸೆ ಬಂದು ಆರೈಕೆ ಮಾಡಿದರು. ಬೆಡ್‌ಪ್ಯಾನ್ ತೊಳೆಯುವ ನಡುವೆ ಸಿಕ್ಕ ಹೊತ್ತಿನಲ್ಲಿ ಬರೆದವು ‘ದಿ ರೆಡ್ ಪೋನಿ’, ಕೆಂಪು ಕುದುರೆಮರಿಯ ಕತೆಗಳು. ರೋಗಿಯ ಕೋಣೆಯ ಪಕ್ಕ ಕೂತು ಬರೆದ ಪುಟಗಳು ಎಂದು ಗೊತ್ತಾದ ಮೇಲೆ ಆ ಕತೆಗಳಲ್ಲಿ ಬರುವ ಸಾವು ನನಗೆ ಬೇರೆ ಥರ ಕಾಣುತ್ತದೆ.

ಮೇನ್ ಸ್ಟ್ರೀಟಿನ ತುದಿಯಲ್ಲಿ 1998ರಲ್ಲಿ ತೆರೆದ ನ್ಯಾಷನಲ್ ಸ್ಟೈನ್‌ಬೆಕ್ ಸೆಂಟರ್. ಅಲ್ಲಿ ಎಲ್ಲರೂ ನಿಲ್ಲುವುದು ಹಸಿರು ಜಿಎಂಸಿ ಟ್ರಕ್ಕಿನ ಮುಂದೆ, ಬೆನ್ನ ಮೇಲೆ ಪುಟ್ಟ ಮನೆ ಹೊತ್ತ ‘ರೊಸಿನಾಂಟೆ’. 1960ರಲ್ಲಿ ಚಾರ್ಲಿ ಎಂಬ ಪೂಡಲ್ ನಾಯಿಯನ್ನು ಕೂರಿಸಿಕೊಂಡು ಸ್ಟೈನ್‌ಬೆಕ್ ಅಮೆರಿಕ ಸುತ್ತಿದ್ದು ಇದರಲ್ಲಿ. ಒಳಗೆ ಮೇಜು, ಒಲೆ, ಹಾಸಿಗೆ, ಎಲ್ಲ ಅಚ್ಚುಕಟ್ಟು. ಆ ಸುತ್ತಾಟದ ಪುಸ್ತಕ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಓದಿದರೆ ಮನುಷ್ಯ, ನಾಯಿ ಇಬ್ಬರೇ ಇಡೀ ದೇಶ ಅಲೆದಂತೆ ಕಾಣುತ್ತದೆ. ಐವತ್ತು ವರ್ಷದ ನಂತರ ಪತ್ರಕರ್ತರೊಬ್ಬರು ಅದೇ ಹಾದಿ ಹಿಡಿದು ಹೋಗಿ ನೋಡಿದಾಗ, ಆ ದಿನಗಳಲ್ಲಿ ಎಷ್ಟೋ ಕಾಲ ಮೂರನೇ ಹೆಂಡತಿ ಎಲೇನ್ ಜೊತೆಗಿದ್ದದ್ದೂ, ಒಳ್ಳೊಳ್ಳೆ ಹೋಟೆಲುಗಳಲ್ಲಿ ತಂಗಿದ್ದೂ ಹೊರಬಿತ್ತು. ಮತ್ತೆ ಹೆಂಡತಿಯೇ ಕಾಣೆ! ಮಗಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಈಗ ಊರ ತುಂಬ ಆತನ ಹೆಸರು, ಆಗ ಊರಿಗೆ ಆತನೆಂದರೆ ಉರಿ. 1936ರ ಲೆಟ್ಯೂಸ್ ಮುಷ್ಕರದಲ್ಲಿ ತೋಟದ ಧಣಿಗಳು ಊರಿನ ಗಂಡಸರ ಕೈಗೆ ಕೋಲು ಬಂದೂಕು ಕೊಟ್ಟು ನಿಲ್ಲಿಸಿದ್ದರು. ರಸ್ತೆಬದಿ ಕೆಂಪು ಬಾವುಟ ಕಂಡು, ಕಮ್ಯುನಿಸ್ಟರು ದಾಳಿಗೆ ಗುರುತು ಹಾಕಿದ್ದಾರೆ ಅಂತ ಕಿತ್ತುಹಾಕಿದರಂತೆ. ನೋಡಿದರೆ ಅವು ಹೆದ್ದಾರಿ ಸರ್ವೆಯವರು ನೆಟ್ಟಿದ್ದವು. ಈ ಕತೆಯನ್ನು ಸ್ಟೈನ್‌ಬೆಕ್ ಆಮೇಲೆ ಲೇಖನವೊಂದರಲ್ಲಿ ಚಪ್ಪರಿಸಿಕೊಂಡು ಬರೆದಿದ್ದಾನೆ. 1939ರ ಏಪ್ರಿಲ್ 14ಕ್ಕೆ ‘ಗ್ರೇಪ್ಸ್’ ಬಂತು, ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಸಲಿನಾಸ್‌ನಲ್ಲಿ ಅದನ್ನು ಸುಟ್ಟರು. ಕರ್ನ್ ಕೌಂಟಿಯಲ್ಲಿ ಲೈಬ್ರರಿಗಳಿಂದ ತೆಗೆಸಿದರು, ಅಲ್ಲಿನ ಲೈಬ್ರರಿಯನ್ ಗ್ರೆಚೆನ್ ನೀಫ್ ಎದುರು ನಿಂತು ಮೇಲಿನವರಿಗೆ ಪ್ರತಿಭಟನೆಯ ಪತ್ರ ಬರೆದರು. ಮುಂದೆ ಊರಿನವರೇ ಶಾಲೆಗೆ ನಿಮ್ಮ ಹೆಸರಿಡಲೇ ಎಂದಾಗ, ಬೌಲಿಂಗ್ ಆಡುವ ಜಾಗಕ್ಕೋ ನಾಯಿ ರೇಸಿನ ಮೈದಾನಕ್ಕೋ ಇಡಿ, ಶಾಲೆಗೆ ಮಾತ್ರ ಬೇಡ ಅಂದ. ಸತ್ತ ಮೇಲೆ ಲೈಬ್ರರಿಗೆ ಇಟ್ಟರು. ಅದೇ ಲೈಬ್ರರಿಯನ್ನೂ ಊರಿನ ಉಳಿದೆರಡು ಶಾಖೆಗಳನ್ನೂ ದುಡ್ಡಿಲ್ಲವೆಂದು 2005ರಲ್ಲಿ ಮುಚ್ಚಲು ಹೊರಟಿದ್ದರು. ಜನ ಚಂದಾ ಎತ್ತಿದರು, ಕೊನೆಗೆ ತಮ್ಮ ಮೇಲೇ ತೆರಿಗೆ ಹಾಕಿಕೊಳ್ಳಲು ವೋಟು ಹಾಕಿ ಉಳಿಸಿಕೊಂಡರು.

ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಹೊಲದಲ್ಲಿ ಬಗ್ಗಿದ್ದವರು ಮೆಕ್ಸಿಕೊ ಮೂಲದವರು. ಸ್ಟೈನ್‌ಬೆಕ್‌ನ ಕಾಲದಲ್ಲೂ ಈ ಹೊಲಗಳಲ್ಲಿ ಮೆಕ್ಸಿಕನ್ನರು, ಫಿಲಿಪಿನೋಗಳು ಬೇಕಾದಷ್ಟಿದ್ದರು. ‘ಗ್ರೇಪ್ಸ್’ನಲ್ಲಿ ಅವರು ಇಲ್ಲವೆನ್ನುವಷ್ಟು ಕಡಿಮೆ, ಕಣ್ಣೀರೆಲ್ಲ ಓಕ್ಲಹೋಮಾದ ಬಿಳಿಯರ ಪಾಲು. ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್‌ರನ್ನು 1970ರ ಡಿಸೆಂಬರಿನಲ್ಲಿ ಇದೇ ಸಲಿನಾಸ್‌ನ ಜೈಲಿಗೆ ಹಾಕಿದ್ದರು, ಲೆಟ್ಯೂಸ್ ಬಹಿಷ್ಕಾರ ನಿಲ್ಲಿಸಲಿಲ್ಲವೆಂದು. ಆ ಕಾದಂಬರಿ ಬರೆಯಲು ಸ್ಟೈನ್‌ಬೆಕ್ ಇರಲಿಲ್ಲ, 1968ರ ಡಿಸೆಂಬರ್ 20ಕ್ಕೇ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದ. ಕೊನೆಯ ವರ್ಷಗಳಲ್ಲಿ ವಿಯೆಟ್ನಾಂಗೆ ಹೋಗಿ ಯುದ್ಧದ ಪರ ಬರೆದು ಹಳೇ ಓದುಗರನ್ನು ಕಳೆದುಕೊಂಡಿದ್ದ. 1962ರಲ್ಲಿ ನೊಬೆಲ್ ಬಂದಾಗ, ನೀವು ಇದಕ್ಕೆ ಅರ್ಹರೇ ಎಂದು ಪತ್ರಕರ್ತರು ಕೇಳಿದ್ದಕ್ಕೆ, ನಿಜ ಹೇಳಬೇಕೆಂದರೆ ಇಲ್ಲ ಅಂದಿದ್ದ.

ಸಂಜೆ ಗಾರ್ಡನ್ ಆಫ್ ಮೆಮೊರೀಸ್ ಸ್ಮಶಾನಕ್ಕೆ ಹೋದೆವು. ಹ್ಯಾಮಿಲ್ಟನ್ ಮನೆತನದ ಜಾಗದಲ್ಲಿ, ನೆಲದ ಮಟ್ಟಕ್ಕೆ ಹಾಸಿದ ಒಂದು ಚಿಕ್ಕ ಫಲಕ. ಗುರುತು ಹೇಳುವ ಬೋರ್ಡು ಇಲ್ಲದಿದ್ದರೆ ತುಳಿದುಕೊಂಡೇ ಹೋಗುತ್ತಿದ್ದೆವು.

ರಾತ್ರಿ ರೂಮಿನಲ್ಲಿ ಮಗಳು ಫೋನಿನಲ್ಲಿ ಹುಡುಕುತ್ತ ಸನೋರಾ ಬ್ಯಾಬ್ ಎಂಬ ಹೆಸರಿಗೆ ಬಂದು ತಲುಪಿದಳು. ಓಕ್ಲಹೋಮಾದಲ್ಲೇ ಹುಟ್ಟಿದವಳು, 1938ರಲ್ಲಿ ಟಾಮ್ ಕಾಲಿನ್ಸ್ ಜೊತೆ ವಲಸೆ ಶಿಬಿರಗಳಲ್ಲಿ ದುಡಿದವಳು. ಆಕೆಯ ಟಿಪ್ಪಣಿಗಳನ್ನು ಕಾಲಿನ್ಸ್ ಸ್ಟೈನ್‌ಬೆಕ್‌ಗೂ ಕೊಟ್ಟರೆಂದು ಹೇಳುತ್ತಾರೆ. ಅದೇ ಅನುಭವದ ಮೇಲೆ ಆಕೆ ಬರೆದ ಕಾದಂಬರಿಯನ್ನು ರ‍್ಯಾಂಡಮ್ ಹೌಸ್ ಮೆಚ್ಚಿಕೊಂಡಿತ್ತು. ಅಷ್ಟರಲ್ಲಿ ‘ಗ್ರೇಪ್ಸ್’ ಬಂತು, ಇದೇ ವಸ್ತುವಿನ ಇನ್ನೊಂದು ಪುಸ್ತಕಕ್ಕೆ ಮಾರುಕಟ್ಟೆ ಇಲ್ಲ ಅಂತ ಪಕ್ಕಕ್ಕಿಟ್ಟರು. ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಹೊರಬಂದದ್ದು 2004ರಲ್ಲಿ. ಮರುವರ್ಷ ಆಕೆ ತೀರಿಕೊಂಡಳು.

“ಹಾಗಾದ್ರೆ ಇವನು ಕಾಪಿ ಹೊಡೆದನಾ?”

ಇಲ್ಲ ಅಂತ ನನ್ನ ತೀರ್ಮಾನ. ‘ಗ್ರೇಪ್ಸ್’ನ ಜೋಡ್ ಸಂಸಾರವನ್ನು ನಡೆಸಿದ ಆ ಗದ್ಯ ಬೇರೆ ಯಾರ ಕೈಯಿಂದಲೂ ಬರುವಂಥದ್ದಲ್ಲ. ಅರ್ಪಣೆಯಲ್ಲಿ ಇಬ್ಬರ ಹೆಸರನ್ನು ಆತನೇ ಹಾಕಿದ್ದಾನೆ. ಅಷ್ಟಿದ್ದರೂ, 1943ಕ್ಕೆ ಕ್ಯಾರೊಲ್‌ಗೆ ಡೈವೋರ್ಸ್ ಆಯಿತು, ಅದೇ ತಿಂಗಳು ಆತ ಮತ್ತೊಂದು ಮದುವೆಯಾದ. ಪಟ್ಟು ಹಿಡಿದವಳು ಅರ್ಪಣೆಯ ಪುಟದಲ್ಲೇ ಉಳಿದಳು.

ಭಾನುವಾರ, ಸ್ಪ್ರೆಕಲ್ಸ್ ಮತ್ತು ಫ್ರೀಮಾಂಟ್ ಶಿಖರ

ಮಾವನವರಿಗೆ ಈ ಪ್ರವಾಸದಲ್ಲಿ ನಾನು ಆಸೆ ತೋರಿಸಿದ್ದು ಒಂದೇ ಜಾಗಕ್ಕೆ, ಸಕ್ಕರೆ ಕಾರ್ಖಾನೆಗೆ. ಮೂವತ್ತು ವರ್ಷ ಮಂಡ್ಯದಲ್ಲಿ ಮೈಷುಗರ್ ಸೈರನ್ನಿಗೆ ಎದ್ದು ಹೋದವರು. ಸಲಿನಾಸ್ ಪಕ್ಕದ ಸ್ಪ್ರೆಕಲ್ಸ್‌ನಲ್ಲಿ ಕ್ಲಾಸ್ ಸ್ಪ್ರೆಕಲ್ಸ್ 1899ರಲ್ಲಿ ಶುರು ಮಾಡಿದ್ದು ಬೀಟ್ ಸಕ್ಕರೆಯ ಕಾರ್ಖಾನೆ, ದಿನಕ್ಕೆ 3,000 ಟನ್ ಅರೆಯುತ್ತಿತ್ತು, ಜಗತ್ತಿನಲ್ಲೇ ದೊಡ್ಡದು ಎಂದು ಆಗ ಹೆಸರು. ಕಾಲೇಜು ತಪ್ಪಿಸಿಕೊಂಡ ದಿನಗಳಲ್ಲಿ ಸ್ಟೈನ್‌ಬೆಕ್ ಈ ಕಂಪನಿಯ ರಾಂಚುಗಳಲ್ಲಿ, ಲ್ಯಾಬಿನಲ್ಲಿ ದುಡಿದ. ‘ಆಫ್ ಮೈಸ್ ಅಂಡ್ ಮೆನ್’ನ ಲೆನ್ನಿ, ಜಾರ್ಜ್ ಥರದ ಅಲೆಮಾರಿ ಆಳುಗಳ ಜೊತೆ ಉಂಡು ಮಲಗಿದ್ದು ಆಗಲೇ. ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿತು. ಉಳಿದಿರುವುದು ಎತ್ತರದ ಸೈಲೋಗಳು, ಕಾರ್ಮಿಕರ ಸಾಲು ಮನೆಗಳು. “ಗಡ್ಡೆ ಅರೆದು ಸಕ್ಕರೆನಾ? ಬೆಲ್ಲ ಬರ್ತದಾ ಇದ್ರಲ್ಲಿ?” ಅಂದರು. ಬರುವುದಿಲ್ಲ. ಹಾಗಿದ್ದರೆ ಅದು ಸಕ್ಕರೆಯೇ ಅಲ್ಲ ಎಂದು ಅವರ ತೀರ್ಪು. ಮುಚ್ಚಿದ ಕಾರ್ಖಾನೆಯ ಗೇಟಿನ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡು ಮಂಡ್ಯದ ವಾಟ್ಸಾಪ್ ಗುಂಪಿಗೆ ಹಾಕಿಸಿದರು.

ಅಲ್ಲಿಂದ ಸ್ಯಾನ್ ಹುವಾನ್ ಬಟಿಸ್ಟಾ, ಮೇಲಕ್ಕೆ ಹನ್ನೊಂದು ಮೈಲಿ ಸುತ್ತುದಾರಿ. ಫ್ರೀಮಾಂಟ್ ಶಿಖರ 3,169 ಅಡಿ. ಕಾರು ನಿಲ್ಲಿಸಿ ಕೊನೆಗೊಂದಿಷ್ಟು ನಡೆಯಬೇಕು, ತುದಿಯಲ್ಲಿ ಬಂಡೆ ಹತ್ತಬೇಕು. ಏಪ್ರಿಲ್ ಆದ್ದರಿಂದ ಇಳಿಜಾರೆಲ್ಲ ಹಸಿರು, ನಡುನಡುವೆ ನೀಲಿ ಲುಪಿನ್, ಕಿತ್ತಳೆ ಪಾಪಿ. ಸ್ಟೈನ್‌ಬೆಕ್‌ನ ‘ಈಸ್ಟ್ ಆಫ್ ಈಡನ್’ ಕಾದಂಬರಿಯ ಮೊದಲ ಪುಟಗಳನ್ನು ಓದಿದವರಿಗೆ ಇಲ್ಲಿ ನಕ್ಷೆ ಬೇಡ: ಪೂರ್ವಕ್ಕೆ ಹುಡುಗನಿಗೆ ಪ್ರೀತಿ ಹುಟ್ಟಿಸಿದ ಗ್ಯಾಬಿಲಾನ್ ಬೆಟ್ಟಗಳು, ಪಶ್ಚಿಮಕ್ಕೆ ಭಯ ಹುಟ್ಟಿಸಿದ ಸಾಂಟಾ ಲೂಸಿಯಾ, ನಡುವೆ ಸಲಿನಾಸ್ ಕಣಿವೆ ದಕ್ಷಿಣಕ್ಕೆ ಸುಮಾರು ನೂರು ಮೈಲಿ. 1960ರ ಪ್ರವಾಸದಲ್ಲಿ ಚಾರ್ಲಿಯನ್ನು ಕರೆದುಕೊಂಡು ಸ್ಟೈನ್‌ಬೆಕ್ ಊರಿಗೆ ವಿದಾಯ ಹೇಳಲು ಹತ್ತಿದ್ದು ಈ ಬಂಡೆಯನ್ನೇ. ಅಗೋ ಅಲ್ಲಿ ನಮ್ಮಮ್ಮ ಕಾಡುಬೆಕ್ಕು ಹೊಡೆದಳು, ಆ ಕಣಿವೆಯ ಓಕ್ ಮರದ ಮೇಲೆ ನಮ್ಮಪ್ಪ ಕಾದ ಕಬ್ಬಿಣದಿಂದ ತನ್ನ ಹೆಸರನ್ನೂ ತಾನು ಪ್ರೀತಿಸಿದ ಹುಡುಗಿಯ ಹೆಸರನ್ನೂ ಬರೆದ ಎಂದು ನಾಯಿಗೆ ತೋರಿಸುತ್ತಾನೆ. ಆ ಪ್ರವಾಸದ ಪುಸ್ತಕದಲ್ಲಿ ಯಾವುದು ಕಟ್ಟಿದ್ದು, ಯಾವುದು ಕಂಡಿದ್ದು ಎಂಬ ತಕರಾರು ನನಗೆ ಈ ಪುಟಗಳಲ್ಲಿ ಬರುವುದಿಲ್ಲ.

ಇಳಿಯುವಾಗ ಮಾವನವರು ಮೊಮ್ಮಗಳಿಗೆ, “ಊರೋರೆಲ್ಲ ಸುಟ್ರಲ್ಲ, ಆ ಕತೆ ಹೇಳು” ಅಂದರು. ಅವಳು ‘ಗ್ರೇಪ್ಸ್’ ಓದಿರಲಿಲ್ಲ. ನಾನು ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದೆ, ಮಗಳು ನಡುನಡುವೆ ಇಂಗ್ಲಿಷಿನಲ್ಲಿ ಪ್ರಶ್ನೆ, ಮಾವನವರು ಮಂಡ್ಯದ ಕನ್ನಡದಲ್ಲಿ. ಟ್ರ್ಯಾಕ್ಟರ್ ಬಂದು ಮನೆ ಕೆಡವಿದ್ದು, ಅಜ್ಜ ದಾರಿಯಲ್ಲೇ ಸತ್ತದ್ದು, ಒಂದು ಪೆಟ್ಟಿಗೆ ಪೀಚ್ ಹಣ್ಣು ಕಿತ್ತರೆ ಎಷ್ಟು ಕೂಲಿ, ಎಲ್ಲ ಬಿಡಿಸಿ ಬಿಡಿಸಿ ಕೇಳಿದರು. ಗಿಲ್‌ರಾಯ್ ದಾಟಿ 101ರಲ್ಲಿ ಭಾನುವಾರದ ಟ್ರಾಫಿಕ್ಕು ಕಟ್ಟಿಕೊಳ್ಳುವ ಹೊತ್ತಿಗೆ ಕೊನೆಗೆ ಬಂದೆ: ನೆರೆ, ಕೊಟ್ಟಿಗೆ, ಸತ್ತ ಮಗು ಹೆತ್ತ ಹುಡುಗಿ ಗುರುತಿಲ್ಲದ ಹಸಿದ ಗಂಡಸಿಗೆ ಹಾಲೂಡಿಸುವುದು.

“ಆಮೇಲೆ?”

“ಅಷ್ಟೇ ಮಾವ.”

“ಅಷ್ಟೇ ಅಂದ್ರೆ? ಅವ್ರಿಗೆ ಕೂಲಿ ಸಿಕ್ತಾ, ಮನೆ ಸಿಕ್ತಾ? ಆ ದೊಡ್ಡ ಮಗ ಓಡೋದ್ನಲ್ಲ, ಅವ್ನು ಏನಾದ?”

ಹೇಳಿಲ್ಲ ಎಂದೆ. 1939ರ ಜನವರಿಯಲ್ಲಿ ಸಂಪಾದಕ ಪ್ಯಾಸ್ಕಲ್ ಕೊವಿಚಿ ಕೂಡ ಆ ಕೊನೆಯ ದೃಶ್ಯದ ಬಗ್ಗೆ ತಕರಾರು ತೆಗೆದಿದ್ದರು, ಆ ಗಂಡಸು ಯಾರೋ ಅಪರಿಚಿತ ಆಗಿರುವುದು ಬೇಡ, ಮೊದಲೇ ಸ್ವಲ್ಪ ಪರಿಚಯ ಮಾಡಿಸಿ ಅಂತ. ಅಪರಿಚಿತನೇ ಆಗಿರಬೇಕು, ಬದಲಾಯಿಸುವುದಿಲ್ಲ ಎಂದು ಸ್ಟೈನ್‌ಬೆಕ್ ಬರೆದ ಎಂದೆ. ಮಾವನವರಿಗೆ ಆ ದೃಶ್ಯದ ಮೇಲೆ ಯಾವ ತಕರಾರೂ ಇರಲಿಲ್ಲ, ಹಸಿದವನು ಯಾರಾದರೇನು ಅಂದರು. ಅವರ ತಕರಾರು ಕೂಲಿ ಲೆಕ್ಕದ್ದು. ಸ್ಯಾನ್ ಹೋಸೆ ಬರುವವರೆಗೂ, ಮಳೆ ನಿಂತ ಮೇಲೆ ಹತ್ತಿ ಬಿಡಿಸುವ ಕೆಲಸ ಶುರುವಾಗಲು ಎಷ್ಟು ದಿನ ಬೇಕು, ಅಲ್ಲಿವರೆಗೆ ಆ ಸಂಸಾರ ಏನು ತಿನ್ನಬೇಕು ಎಂದು ತಾತ ಮೊಮ್ಮಗಳು ಲೆಕ್ಕ ಹಾಕುತ್ತಲೇ ಇದ್ದರು.